ಪ್ರವಾಸ, ಆರೋಗ್ಯ, ತಂತ್ರಜ್ಞಾನ: ಹವ್ಯಾಸಿ ಪತ್ರಕರ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ಪುರವಣಿಗಳಿಗೆ ಬರೆಯಲು ಹೊರಟವರು, ಈಗಾಗಲೇ ಬರೆಯುತ್ತಿರುವವರು ಮಾತಿನ ನಡುವೆ, ಪತ್ರಗಳಲ್ಲಿ, ಶಿಬಿರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿದ್ದೇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಹೊಸದಾಗಿ ಬರೆಯುವವರಿಗೆ

ಹವ್ಯಾಸಿ ಪತ್ರಕರ್ತ ಅಂದ್ರೆ ಟೈಮ್‌ಪಾಸ್‌ಗೆ ಬರೆಯೋರಾ? ಇದಕ್ಕೆ ಡಿಗ್ರಿ ಬೇಕಾ?

ಹೆಸರು ಹಾಗೆ ಕೇಳಿಸುತ್ತದೆ, ಅರ್ಥ ಹಾಗಿಲ್ಲ. ಯಾವ ಪತ್ರಿಕೆಯ ಸಂಬಳದ ಪಟ್ಟಿಯಲ್ಲೂ ಇಲ್ಲದೆ, ಲೇಖನಕ್ಕೆ ಇಷ್ಟು ಎಂದು ಸಂಭಾವನೆ ಪಡೆದು ಬರೆಯುವವರನ್ನು ಕನ್ನಡ ಪತ್ರಿಕಾರಂಗ ಹವ್ಯಾಸಿ ಎಂದು ಕರೆಯುತ್ತ ಬಂದಿದೆ. ಬಿಲ್ಲಿನಲ್ಲಿ, ತೆರಿಗೆ ಕಾಗದಗಳಲ್ಲಿ ಮಾತ್ರ ‘ಸ್ವತಂತ್ರ ಪತ್ರಕರ್ತ’ ಎಂದೇ ಬರೆಯಿರಿ.

ಪತ್ರಿಕೋದ್ಯಮದ ಪದವಿ ಕಡ್ಡಾಯವಲ್ಲ. ಪುರವಣಿ ನೋಡಿಕೊಳ್ಳುವವರು ಗಮನಿಸುವುದು ಮೂರು ಸಂಗತಿ: ತಿದ್ದುವ ಕೆಲಸ ಕಡಿಮೆ ಇರುವ ಕನ್ನಡ, ಹೇಳಿದ ದಿನಕ್ಕೆ ಕೈಸೇರುವ ಲೇಖನ, ಕೇಳಿದ ಕೂಡಲೇ ‘ಇದನ್ನು ಹೇಳಿದ್ದು ಇಂಥವರು’ ಎಂದು ತೋರಿಸಬಲ್ಲ ಟಿಪ್ಪಣಿ. ಇಪ್ಪತ್ತು ವರ್ಷ ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡಿದವರಿಗೆ ಆರೋಗ್ಯ ವ್ಯವಸ್ಥೆಯ ಬಗ್ಗೆ ಗೊತ್ತಿರುವಷ್ಟು ಯಾವ ತರಗತಿಯಲ್ಲೂ ಕಲಿಸುವುದಿಲ್ಲ.

ಮೂರೂ ವಿಷಯ ಬರೆದ್ರೆ ಯಾವುದರಲ್ಲೂ ಆಳ ಇರಲ್ಲ ಅಂತಾರಲ್ಲ, ನಿಜವಾ?

ವಿಷಯಕ್ಕೆ ತಕ್ಕ ಪುರಾವೆ ಯಾವುದು ಎಂದು ತಿಳಿಯದಿದ್ದರೆ ನಿಜ. ಪ್ರವಾಸ ಲೇಖನಕ್ಕೆ ಪುರಾವೆ ಎಂದರೆ ಅಲ್ಲಿಗೆ ಹೋಗಿ ನಿಂತಿರುವುದು. ಆರೋಗ್ಯ ಲೇಖನಕ್ಕೆ ನಿಮ್ಮ ಅನುಭವ ಪುರಾವೆಯೇ ಅಲ್ಲ. ಎಷ್ಟು ಜನರ ಮೇಲೆ, ಎಷ್ಟು ಕಾಲ, ಯಾವುದಕ್ಕೆ ಹೋಲಿಸಿ ನೋಡಿದ್ದಾರೆ ಎಂಬುದೇ ಪುರಾವೆ. ತಂತ್ರಜ್ಞಾನದಲ್ಲಿ ಎರಡೂ ಬೇಕು: ಸ್ವತಃ ಬಳಸಿ ನೋಡಬೇಕು, ಕಂಪನಿ ಹೇಳುವ ಅಂಕಿಗಳನ್ನು ಅಳೆದೂ ನೋಡಬೇಕು. ಹಲವು ವಿಷಯ ಬರೆಯುವವರ ಲೇಖನಗಳು ಕೆಡುವುದು ಬಹುತೇಕ ಒಂದರ ಪುರಾವೆಯನ್ನು ಇನ್ನೊಂದಕ್ಕೆ ಬಳಸಿದಾಗ. ‘ನಮ್ಮ ಅಜ್ಜಿಗೆ ಈ ಕಷಾಯದಿಂದ ಗುಣವಾಯಿತು’ ಎಂದು ಆರೋಗ್ಯ ಪುಟದಲ್ಲಿ ಬರೆಯುವುದು ಪ್ರವಾಸ ಪುಟದ ಅಭ್ಯಾಸ.

ಸಂಪಾದಕರಿಗೆ ಮೊದಲ ಮೇಲ್ ಹೇಗೆ ಬರೀಬೇಕು? ಪೂರ್ತಿ ಲೇಖನ ಕಳಿಸ್ಲಾ, ಐಡಿಯಾ ಮಾತ್ರ ಹೇಳ್ಲಾ?

ಕನ್ನಡ ದಿನಪತ್ರಿಕೆಗಳ ಪುರವಣಿಗಳಲ್ಲಿ ಹೊಸಬರಿಂದ ಪೂರ್ತಿ ಲೇಖನವನ್ನೇ ನಿರೀಕ್ಷಿಸುವುದು ಹೆಚ್ಚು. ಪರಿಚಯವಾದ ಮೇಲೆ ನಾಲ್ಕು ಸಾಲಿನ ಪ್ರಸ್ತಾವ ಸಾಕು. ಖರ್ಚಿನ ಓಡಾಟ ಇರುವ ಬರಹವಾದರೆ ಹೊಸಬರೂ ಮೊದಲು ಕೇಳಿಕೊಂಡೇ ಹೊರಡಬೇಕು.

ಮೇಲ್‌ನ ವಿಷಯದ ಸಾಲಿನಲ್ಲಿ ಪುರವಣಿಯ ಹೆಸರು, ಲೇಖನದ ವಿಷಯ, ಪದಗಳ ಸಂಖ್ಯೆ ಇರಲಿ. ಒಳಗೆ ನಾಲ್ಕೇ ಸಂಗತಿ: ಏನು ಹೇಳುತ್ತಿದ್ದೀರಿ, ಈಗಲೇ ಯಾಕೆ, ಯಾರನ್ನು ಮಾತನಾಡಿಸಿದ್ದೀರಿ, ಫೋಟೊ ಎಷ್ಟಿವೆ. ‘ಬಾದಾಮಿ ಕುರಿತು ಲೇಖನ’ ಎಂಬುದು ವಿಷಯ ಮಾತ್ರ. ‘ಬಾದಾಮಿಯ 3ನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಅದನ್ನು ಶಾಲಾ ಮಕ್ಕಳಿಗೆ ಓದಿ ಹೇಳುವವರು ಊರಿನಲ್ಲಿ ಯಾರಿದ್ದಾರೆ’ ಎಂಬುದು ಲೇಖನ. ಎರಡು ವಾರ ಕಾದು ಒಮ್ಮೆ ನೆನಪಿಸಿ. ಮತ್ತೊಂದು ವಾರ ಸುದ್ದಿಯಿಲ್ಲದಿದ್ದರೆ ‘ಲೇಖನವನ್ನು ಹಿಂಪಡೆಯುತ್ತಿದ್ದೇನೆ’ ಎಂದು ಬರೆದು ಬೇರೆ ಕಡೆ ಕಳಿಸಿ. ಈ ಒಂದು ಸಾಲಿನ ಮೇಲ್ ಮುಂದೆ ಬಹಳಷ್ಟು ಮುಜುಗರ ತಪ್ಪಿಸುತ್ತದೆ.

ಹಬ್ಬ, ಋತುಗಳ ಬರಹ ಬೇಗ ಹೋಗಬೇಕು. ವಾರದ ಪುರವಣಿಗೆ ಹದಿನೈದು ದಿನ ಮೊದಲು, ದೀಪಾವಳಿ ವಿಶೇಷಾಂಕದ ಯೋಚನೆಯಿದ್ದರೆ ಜುಲೈ–ಆಗಸ್ಟ್‌ನಲ್ಲೇ ಮಾತಾಡಿ.

ಒಂದೇ ಲೇಖನ ಎರಡು ಪೇಪರ್‌ಗೆ ಕಳಿಸಿದ್ರೆ ತಪ್ಪೇನು? ಯಾರಾದ್ರೂ ಒಬ್ರು ಹಾಕ್ತಾರಲ್ವಾ?

ಇಬ್ಬರೂ ಹಾಕುತ್ತಾರೆ, ಅದೇ ತೊಂದರೆ. ಪುಟ ಕಟ್ಟಿದ ಮೇಲೆ ನಿಮ್ಮನ್ನು ಕೇಳುವ ಪದ್ಧತಿ ಎಲ್ಲ ಕಡೆ ಇಲ್ಲ. ಒಂದೇ ಭಾನುವಾರ ಎರಡು ಕಡೆ ಅಚ್ಚಾದರೆ ಎರಡೂ ಬಾಗಿಲು ಮುಚ್ಚುತ್ತವೆ. ಒಂದೇ ಸಾಮಗ್ರಿಯಿಂದ ಎರಡು ಬೇರೆ ಲೇಖನ ಬರೆಯುವುದು ತಪ್ಪಲ್ಲ. ಮೊದಲ ಪ್ಯಾರಾ ಬದಲಿಸಿ ಎರಡನೆಯದು ಎನ್ನುವುದು ತಪ್ಪು.

ಎಷ್ಟು ಪದ ಇರ್ಬೇಕು? ನುಡಿಯಲ್ಲಿ ಕಳಿಸ್ಲಾ, ಯೂನಿಕೋಡ್‌ನಲ್ಲಾ?

ಪುರವಣಿಯ ಮುಖ್ಯ ಲೇಖನ ಸಾಮಾನ್ಯವಾಗಿ 600ರಿಂದ 800 ಪದ, ಪಕ್ಕದ ಬರಹ 300–400, ವಾರಪತ್ರಿಕೆ ಅಥವಾ ಮಾಸಿಕಕ್ಕೆ 1,200ರಿಂದ 1,800. ಇಂಗ್ಲಿಷ್ ಪತ್ರಿಕೆಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ‘ಆಸ್ಪತ್ರೆಯಲ್ಲಿದ್ದವರಿಗೂ’ ಎಂಬುದು ನಮಗೆ ಒಂದೇ ಪದ. ಅಷ್ಟೇ ಪದಗಳಲ್ಲಿ ಕನ್ನಡ ಹೆಚ್ಚು ಹೇಳುತ್ತದೆ, ಪುಟದಲ್ಲಿ ಹೆಚ್ಚು ಜಾಗವನ್ನೂ ಹಿಡಿಯುತ್ತದೆ.

ಕೇಳದಿದ್ದರೆ ಯೂನಿಕೋಡ್‌ನಲ್ಲೇ ಕಳಿಸಿ. ‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಪರಿವರ್ತಿಸಿದಾಗ ಎರಡು ಕಡೆ ಕೆಡುತ್ತದೆ. ಒಂದು, ನಡುವೆ ಇದ್ದ ಇಂಗ್ಲಿಷ್ ಪದಗಳು, ಇಮೇಲ್ ವಿಳಾಸಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಎರಡು, ಅರ್ಕಾವತ್ತು ಮತ್ತು ಒತ್ತಕ್ಷರ ಜಾಗ ಬದಲಿಸುತ್ತವೆ. ಯೂನಿಕೋಡ್‌ನಲ್ಲೂ ‘ಸಾಫ್ಟ್‌ವೇರ್’ ಎಂಬುದರ ನಡುವಿನ ಕಣ್ಣಿಗೆ ಕಾಣದ ಅಕ್ಷರ ಬಿದ್ದುಹೋದರೆ ಅದು ‘ಸಾಫ್ಟ್ವೇರ್’ ಆಗುತ್ತದೆ. ತಂತ್ರಜ್ಞಾನ ಲೇಖನಗಳಲ್ಲಿ ಇಂಥ ಪದಗಳೇ ತುಂಬಿರುವುದರಿಂದ ಪಠ್ಯದ ಜೊತೆ ಒಂದು ಪಿಡಿಎಫ್ ಕೂಡ ಇರಲಿ. ಪುಟ ಕಟ್ಟುವವರು ಹೋಲಿಸಿ ನೋಡಿಕೊಳ್ಳುತ್ತಾರೆ.

ಫೋಟೊ ಅಚ್ಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕು. ಅಂದರೆ 6 ಇಂಚು ಅಗಲ ಅಚ್ಚಾಗಬೇಕಾದ ಚಿತ್ರ ಕನಿಷ್ಠ 1,800 ಪಿಕ್ಸೆಲ್ ಅಗಲ ಇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಅಥವಾ ಮೇಲ್ ಮಾಡಿ. ಫೈಲಿನ ಹೆಸರಲ್ಲೇ ಊರು ಮತ್ತು ತಿಂಗಳು ಇರಲಿ.

ಪ್ರೆಸ್ ಕಾರ್ಡ್ ಎಲ್ಲಿ ಸಿಗುತ್ತೆ? ದುಡ್ಡು ಕೊಟ್ರೆ ಮಾಡ್ಕೊಡ್ತೀವಿ ಅಂತಿದ್ದಾರೆ.

ಕೊಡಬೇಡಿ. ದುಡ್ಡಿಗೆ ಸಿಗುವ ಕಾರ್ಡಿನಿಂದ ಯಾವ ಹಕ್ಕೂ ಬರುವುದಿಲ್ಲ. ರಾಜ್ಯದಲ್ಲಿ ಪತ್ರಕರ್ತರಿಗೆ ಮಾನ್ಯತೆ ಕೊಡುವುದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ; ಅದಕ್ಕೆ ವರ್ಷಗಳ ಅನುಭವದ ದಾಖಲೆ ಬೇಕು. ಪುರವಣಿ ಬರಹಕ್ಕೆ ಅದರ ಅಗತ್ಯವೂ ಬೀಳದು. ಅಣೆಕಟ್ಟು, ಆಸ್ಪತ್ರೆ, ಪ್ರಯೋಗಾಲಯಗಳ ಒಳಗೆ ಹೋಗಬೇಕಾದಾಗ ‘ಇವರು ನಮಗಾಗಿ ಈ ವಿಷಯದ ಲೇಖನ ಬರೆಯುತ್ತಿದ್ದಾರೆ’ ಎಂಬ ಪತ್ರವನ್ನು ಸಂಪಾದಕರಿಂದ ಕೇಳಿ ಪಡೆಯಿರಿ.

## ಪ್ರವಾಸ

ಒಂದು ಜಾಗಕ್ಕೆ ಹೋದಾಗ ಏನೇನು ಬರ್ಕೋಬೇಕು? ವಾಪಸ್ ಬಂದ್ಮೇಲೆ ಯಾವಾಗ್ಲೂ ಏನೋ ಒಂದು ಮಿಸ್ ಆಗಿರುತ್ತೆ.

ತಪ್ಪಿಹೋಗುವುದು ಯಾವಾಗಲೂ ಓದುಗರಿಗೆ ಬೇಕಾದ ಸಣ್ಣ ಸಂಗತಿ. ಸೂರ್ಯಾಸ್ತ ನೆನಪಿರುತ್ತದೆ, ಕೊನೆಯ ಬಸ್ಸಿನ ಹೊತ್ತು ನೆನಪಿರುವುದಿಲ್ಲ. ಬಸ್ ನಿಲ್ದಾಣದಲ್ಲಿ ಹಾಕಿರುವ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ, ನಂತರ ಕಂಡಕ್ಟರ್ ಹತ್ತಿರ ‘ಇದು ಈಗಲೂ ಓಡುತ್ತಾ’ ಎಂದು ಕೇಳಿ. ಟಿಕೆಟ್, ಪ್ರವೇಶ ಶುಲ್ಕದ ಚೀಟಿ ಇಟ್ಟುಕೊಳ್ಳಿ. ಶೌಚಾಲಯ, ಕುಡಿಯುವ ನೀರು, ವಯಸ್ಸಾದವರು ಹತ್ತಬೇಕಾದ ಮೆಟ್ಟಿಲುಗಳು, ಮೊಬೈಲ್ ಸಿಗ್ನಲ್ ಎಲ್ಲಿಂದ ಸಿಗುವುದಿಲ್ಲ: ಇಷ್ಟನ್ನು ಸ್ಥಳದಲ್ಲೇ ಬರೆದುಕೊಳ್ಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದರ ಇಲ್ಲ. ಆದ್ದರಿಂದ ‘ಯಾವ ಬಸ್ಸು ನೇರ ಹೋಗುತ್ತದೆ’ ಎಂಬ ಒಂದು ಸಾಲಿಗೆ ಮೊದಲಿಗಿಂತ ಬೆಲೆ ಹೆಚ್ಚು.

ಮುಚ್ಚುವ ದಿನಗಳನ್ನು ನೋಡಿ. ಬಾದಾಮಿ, ಹಂಪಿ ಬಳಿಯ ಕಮಲಾಪುರದಲ್ಲಿರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಅನೇಕ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಋತುವನ್ನೂ ಸ್ಪಷ್ಟವಾಗಿ ಬರೆಯಿರಿ: ಲಿಂಗನಮಕ್ಕಿಯಲ್ಲಿ ನೀರು ಹಿಡಿದಿಡುವುದರಿಂದ ಮಳೆಗಾಲದ ಜೋಗ ಬೇರೆ, ಮಾರ್ಚ್‌ನ ಜೋಗ ಬೇರೆ. ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ತೆಪ್ಪ ನಿಲ್ಲುತ್ತದೆ. ಆಗಸ್ಟ್‌ನಲ್ಲಿ ಹೋದವರು ಜನವರಿಯ ಲೇಖನ ಓದಿ ಹೋಗಿದ್ದರೆ ಮೋಸ ಹೋದಂತೆಯೇ.

ಊರಿನ ಹೆಸರನ್ನು ಊರಿನವರ ಬಾಯಿಂದ ಎರಡು ಸಲ ಹೇಳಿಸಿ, ಅವರು ಹೇಳಿದಂತೆ ಬರೆಯಿರಿ. ನಕ್ಷೆಯ ಇಂಗ್ಲಿಷ್ ಕಾಗುಣಿತ ನೋಡಿ ಕನ್ನಡಕ್ಕೆ ತಂದ ಹೆಸರು ಸ್ಥಳೀಯರಿಗೆ ಕೂಡಲೇ ಗೊತ್ತಾಗುತ್ತದೆ.

ಹಳೇ ಟಿಪ್ಪಣಿ ಇಟ್ಕೊಂಡು ಈಗ ಬರೀಬಹುದಾ?

ಅನುಭವಕ್ಕೆ ಬಳಸಿ, ಮಾಹಿತಿಗೆ ಬಳಸಬೇಡಿ. ಸಿಗಂದೂರಿಗೆ ಹೋಗುವವರು ಶರಾವತಿ ಹಿನ್ನೀರನ್ನು ಲಾಂಚ್‌ನಲ್ಲಿ ದಾಟುತ್ತಿದ್ದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ದಾರಿಯೇ ಬದಲಾಯಿತು. ಲಾಂಚ್‌ನ ನೆನಪು ಒಳ್ಳೆಯ ಬರಹವಾಗುತ್ತದೆ. ಆದರೆ ‘ತಲುಪುವುದು ಹೇಗೆ’ ಎಂಬ ಚೌಕದಲ್ಲಿ ಲಾಂಚ್‌ನ ಹೊತ್ತು ಹಾಕಿದರೆ ಓದುಗರು ದಡದಲ್ಲಿ ನಿಲ್ಲುತ್ತಾರೆ. ಆರು ತಿಂಗಳಿಗಿಂತ ಹಳೆಯ ದರ, ವೇಳೆ, ದಾರಿ ಎಲ್ಲವನ್ನೂ ಫೋನ್ ಮಾಡಿ ಮತ್ತೆ ಕೇಳಿ.

ಡ್ರೋನ್ ಇದೆ. ಕಾಡು, ಸ್ಮಾರಕ ಎಲ್ಲಾ ಕಡೆ ಹಾರಿಸ್ಬಹುದಾ? ಕ್ಯಾಮೆರಾಕ್ಕೂ ಪರ್ಮಿಷನ್ ಬೇಕಾ?

2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ವರೆಗಿನವು ನ್ಯಾನೊ, ಅಲ್ಲಿಂದ 2 ಕಿಲೊ ವರೆಗಿನವು ಮೈಕ್ರೊ. ನ್ಯಾನೊ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೊಗೆ ಬೇಡವಾಗುವುದು ವಾಣಿಜ್ಯ ಬಳಕೆ ಅಲ್ಲದಿದ್ದಾಗ ಮಾತ್ರ. ಸಂಭಾವನೆ ಪಡೆಯುವ ಲೇಖನಕ್ಕೆ ತೆಗೆದ ದೃಶ್ಯವನ್ನು ವಾಣಿಜ್ಯ ಬಳಕೆ ಎಂದೇ ಭಾವಿಸಿ ಹೊರಡುವುದು ಕ್ಷೇಮ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ವಲಯವಿದ್ದರೆ 400 ಅಡಿ ವರೆಗೆ ಹಾರಿಸಲು ಮುಂಚಿತ ಅನುಮತಿ ಬೇಡ. ಆದರೆ ಹಸಿರು ವಲಯ ಎಂದರೆ ಅರಣ್ಯ ಇಲಾಖೆಯ, ಪುರಾತತ್ವ ಇಲಾಖೆಯ ಒಪ್ಪಿಗೆ ಸಿಕ್ಕಿತೆಂದಲ್ಲ. ಎಲ್ಲರೂ ಎಡವುವುದು ಇಲ್ಲೇ. ವನ್ಯಜೀವಿ ಧಾಮ, ರಾಷ್ಟ್ರೀಯ ಉದ್ಯಾನಗಳಲ್ಲಿ ಚಿತ್ರೀಕರಣದ ಅನುಮತಿ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಯಿಂದ ಬರಬೇಕು. ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ತೊಂದರೆಯಿಲ್ಲ; ಟ್ರೈಪಾಡ್ ಊರಿದರೆ ಕಾವಲುಗಾರರು ಅನುಮತಿ ಪತ್ರ ಕೇಳುತ್ತಾರೆ.

ಇನ್ನೊಂದು ಮಾತು. ಹೆಸರಿಲ್ಲದ ಸಣ್ಣ ಜಲಪಾತ, ಹಕ್ಕಿಗಳು ಗೂಡುಕಟ್ಟುವ ಬಂಡೆ ಇಂಥವುಗಳ ನಿಖರ ಜಾಗವನ್ನು ಅಚ್ಚು ಮಾಡಬೇಡಿ. ಒಂದು ಭಾನುವಾರದ ಪುರವಣಿ ಮುಂದಿನ ಭಾನುವಾರಕ್ಕೆ ಅಲ್ಲಿ ಬಾಟಲಿಗಳ ರಾಶಿ ತರಬಲ್ಲದು.

ರೆಸಾರ್ಟ್‌ನವರು ಎರಡು ದಿನ ಫ್ರೀ ಇರಿ, ಬರೆದುಕೊಡಿ ಅಂತಾರೆ. ಹೋಗ್ಲಾ?

ಮೊದಲು ಸಂಪಾದಕರನ್ನು ಕೇಳಿ. ಅವರು ಒಪ್ಪಿದರೆ ಲೇಖನದ ಕೊನೆಗೆ ‘ಲೇಖಕರು ಆತಿಥ್ಯ ಪಡೆದು ಭೇಟಿ ನೀಡಿದ್ದರು’ ಎಂಬ ಸಾಲು ಇರಲೇಬೇಕು. ಅಚ್ಚಿಗೆ ಮುಂಚೆ ಲೇಖನ ತೋರಿಸುತ್ತೇನೆ ಎಂದು ಮಾತು ಕೊಡಬೇಡಿ. ಈ ಎರಡು ಷರತ್ತಿಗೆ ರೆಸಾರ್ಟ್ ಒಪ್ಪದಿದ್ದರೆ ಅವರಿಗೆ ಬೇಕಾಗಿರುವುದು ಜಾಹೀರಾತು. ಜಾಹೀರಾತಿನ ಬರಹವೂ ಮರ್ಯಾದೆಯ ಕೆಲಸವೇ; ಅದನ್ನು ಹಾಗೆಂದು ಹೆಸರಿಸಿ, ಅದಕ್ಕೆ ತಕ್ಕ ಹಣ ಪಡೆದು ಮಾಡಿ.

## ಆರೋಗ್ಯ

ನಾನು ಡಾಕ್ಟ್ರಲ್ಲ. ಆರೋಗ್ಯದ ಬಗ್ಗೆ ಬರೆದ್ರೆ ಜನ ನಂಬ್ತಾರಾ?

ಸಲಹೆ ನಿಮ್ಮದಾಗಿದ್ದರೆ ನಂಬಬಾರದು, ವರದಿ ನಿಮ್ಮದಾಗಿದ್ದರೆ ನಂಬುತ್ತಾರೆ. ಪ್ರತಿ ಲೇಖನಕ್ಕೆ ಇಬ್ಬರು ವೈದ್ಯರು ಬೇಕು: ಒಬ್ಬರು ಆ ಚಿಕಿತ್ಸೆ ಅಥವಾ ಅಧ್ಯಯನದಲ್ಲಿ ತೊಡಗಿದವರು, ಇನ್ನೊಬ್ಬರು ಅದಕ್ಕೆ ಸಂಬಂಧವಿಲ್ಲದ, ಆದರೆ ಅದೇ ವಿಭಾಗದ ತಜ್ಞರು. ಹೃದಯದ ವಿಷಯಕ್ಕೆ ಹೃದ್ರೋಗ ತಜ್ಞರನ್ನೇ ಕೇಳಿ. ಮನೆ ಹತ್ತಿರದ ಪರಿಚಯದ ಚರ್ಮವೈದ್ಯರನ್ನಲ್ಲ. ಪ್ರಶ್ನೆ ಹೀಗಿರಲಿ: ‘ಇದು ಯಾರಿಗೆ ಬೇಡ?’, ‘ಮಾಡದಿದ್ದರೆ ಏನಾಗುತ್ತದೆ?’, ‘ಖರ್ಚೆಷ್ಟು, ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆಯೆ?’ ಔಷಧದ ಹೆಸರು, ಪ್ರಮಾಣವನ್ನು ಅವರು ಹೇಳಿದಂತೆ ಬರೆದು, ಆ ಸಾಲುಗಳನ್ನು ಮಾತ್ರ ಅವರಿಗೆ ಮತ್ತೆ ಓದಿ ಹೇಳಿ. ಮಿಲಿಗ್ರಾಂ, ಮೈಕ್ರೊಗ್ರಾಂ ನಡುವೆ ಇರುವುದು ಸಾವಿರ ಪಟ್ಟು ವ್ಯತ್ಯಾಸ.

‘ಈ ಮಾತ್ರೆಯಿಂದ ಅಪಾಯ 50% ಇಳಿಯುತ್ತೆ’ ಅಂತ ಪ್ರೆಸ್ ನೋಟ್ ಬಂದಿದೆ. ಹಾಗೇ ಬರೀಲಾ?

ಬರೆಯಬೇಡಿ. ‘ಎಷ್ಟರಿಂದ ಎಷ್ಟಕ್ಕೆ?’ ಎಂದು ಕೇಳಿ. ಉದಾಹರಣೆಗೆ, ಮಾತ್ರೆ ತೆಗೆದುಕೊಳ್ಳದ 1,000 ಜನರಲ್ಲಿ 2 ಜನಕ್ಕೆ, ತೆಗೆದುಕೊಂಡ 1,000 ಜನರಲ್ಲಿ 1ಕ್ಕೆ ಕಾಯಿಲೆ ಬಂದರೂ ಅದು 50% ಇಳಿಕೆಯೇ. 200ರಿಂದ 100ಕ್ಕೆ ಇಳಿದರೂ 50%. ಮೊದಲನೆಯದರಲ್ಲಿ ಒಬ್ಬರಿಗೆ ಉಪಕಾರವಾಗಲು 1,000 ಜನ ಮಾತ್ರೆ ನುಂಗಬೇಕು, ಎರಡನೆಯದರಲ್ಲಿ 10 ಜನ. ಶೀರ್ಷಿಕೆ ಒಂದೇ, ಓದುಗರ ನಿರ್ಧಾರ ಬೇರೆ. ಆದ್ದರಿಂದ ಆರೋಗ್ಯ ಪುಟದಲ್ಲಿ ಶೇಕಡಾ ಬಂದಲ್ಲೆಲ್ಲ ಪಕ್ಕದಲ್ಲಿ ತಲೆ ಎಣಿಕೆ ಇರಬೇಕು.

ಬಳಿಕ ಮೂಲ ಅಧ್ಯಯನ ತೆಗೆದು ನೋಡಿ. ಇಲಿಗಳ ಮೇಲೆ ಮಾಡಿದ್ದೆ, ಗಾಜಿನ ತಟ್ಟೆಯ ಜೀವಕೋಶಗಳ ಮೇಲೆ ಮಾಡಿದ್ದೆ, ಮನುಷ್ಯರ ಮೇಲೆಯೆ? ಮನುಷ್ಯರಾದರೆ ಎಷ್ಟು ಜನ, ಎಷ್ಟು ತಿಂಗಳು? ಹಣ ಕೊಟ್ಟವರು ಯಾರು? ತಜ್ಞರ ಪರಿಶೀಲನೆಗೆ ಮುಂಚಿನ ಕರಡಾಗಿದ್ದರೆ ಹಾಗೆಂದು ಬರೆಯಿರಿ. ಭಾರತದಲ್ಲಿ ನಡೆದ ಔಷಧ ಪ್ರಯೋಗವಾದರೆ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಹುಡುಕಿ. 2009ರ ಜೂನ್‌ನಿಂದ ಅದರಲ್ಲಿ ನೋಂದಣಿ ಕಡ್ಡಾಯ. ಶುರುವಿನಲ್ಲಿ ‘ಇದನ್ನು ಅಳೆಯುತ್ತೇವೆ’ ಎಂದು ಬರೆಸಿದ್ದು ಒಂದು, ಕೊನೆಗೆ ಪ್ರಕಟಣೆಯಲ್ಲಿ ಹೇಳಿದ್ದು ಇನ್ನೊಂದಾಗಿದ್ದರೆ, ಅಲ್ಲೇ ನಿಮ್ಮ ಮುಂದಿನ ಪ್ರಶ್ನೆ ಇದೆ.

ಮನೆಮದ್ದು ಬರೆದ್ರೆ ಜನ ಇಷ್ಟಪಡ್ತಾರೆ. ಅದರಲ್ಲೇನು ಅಪಾಯ?

ಅಡುಗೆಯಾಗಿ ಬರೆದರೆ ಅಪಾಯವಿಲ್ಲ. ‘ಗುಣವಾಗುತ್ತದೆ’ ಎಂಬ ಪದ ಬಂದ ಕೂಡಲೇ ಜವಾಬ್ದಾರಿ ಬರುತ್ತದೆ. ಮಧುಮೇಹ, ಕ್ಯಾನ್ಸರ್, ಕಣ್ಣಿನ ಪೊರೆಯಂಥ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಒಂದು ಉತ್ಪನ್ನದ ಹೆಸರು ಹೇಳಿ ಹೊಗಳುವ ಲೇಖನ ಆ ಗೆರೆಯ ತೀರಾ ಹತ್ತಿರ ಇರುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಓದಿದವರು ಇನ್ಸುಲಿನ್ ಬಿಟ್ಟುಬಿಡುವುದು.

ರೋಗಿಯ ಹೆಸರು, ಫೋಟೊ ಹಾಕ್ಬಹುದಾ? ಅವರೇ ಒಪ್ಪಿದ್ದಾರೆ.

ಒಪ್ಪಿಗೆಯನ್ನು ಕನ್ನಡದಲ್ಲಿ ಬರೆಸಿ ಸಹಿ ಹಾಕಿಸಿ, ಲೇಖನ ವೆಬ್‌ನಲ್ಲೂ ವರ್ಷಗಟ್ಟಲೆ ಉಳಿಯುತ್ತದೆ ಎಂದು ಬಿಡಿಸಿ ಹೇಳಿ. ಆಸ್ಪತ್ರೆಯ ಹಾಸಿಗೆಯ ಮೇಲೆ ಪಡೆದ ಒಪ್ಪಿಗೆಯನ್ನು ಮನೆಗೆ ಹೋದ ಮೇಲೆ ಮತ್ತೊಮ್ಮೆ ಕೇಳಿ. ಕೆಲವು ಕಡೆ ಕಾನೂನೇ ಅಡ್ಡ ಬರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಚಿಕಿತ್ಸೆಯಲ್ಲಿರುವವರ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಪೋಕ್ಸೊ ಪ್ರಕರಣದಲ್ಲಿ ಮಗುವಿನ ಹೆಸರು ಮಾತ್ರವಲ್ಲ, ಶಾಲೆ, ಬೀದಿ, ಮನೆಯವರ ವಿವರವನ್ನೂ ಹಾಕುವಂತಿಲ್ಲ. ಸಣ್ಣ ಊರಿನಲ್ಲಿ ‘ಹೆಸರು ಬದಲಿಸಲಾಗಿದೆ’ ಎಂದರೆ ಸಾಲದು: ಊರು, ವೃತ್ತಿ, ವಯಸ್ಸು ಮೂರೂ ಸೇರಿದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಮೂರರಲ್ಲಿ ಎರಡನ್ನು ಬಿಡಿ.

ಆತ್ಮಹತ್ಯೆಯ ಬಗ್ಗೆ ಬರೆಯುವಾಗ ವಿಧಾನ, ಜಾಗ, ಪತ್ರದ ಮಾತುಗಳು ಬೇಡ. ಟೆಲಿ–ಮಾನಸ್ ಸಹಾಯವಾಣಿ 14416 ಇರಲಿ.

## ತಂತ್ರಜ್ಞಾನ

ಹೊಸ ಮೊಬೈಲ್ ಎಷ್ಟು ದಿನ ಬಳಸಿ ಬರೀಬೇಕು? ಯೂಟ್ಯೂಬ್‌ನವರು ಅದೇ ದಿನ ಹಾಕ್ಬಿಡ್ತಾರೆ.

ಅದೇ ದಿನ ಹಾಕುವುದು ಪರಿಚಯ, ವಿಮರ್ಶೆಗೆ ಎರಡು ವಾರ ಬೇಕು. ಮೊದಲ ಎರಡು–ಮೂರು ದಿನ ಹಿನ್ನೆಲೆಯಲ್ಲಿ ಆ್ಯಪ್‌ಗಳು ಅಪ್‌ಡೇಟ್ ಆಗುತ್ತ, ಫೋಟೊಗಳು ಇಳಿಯುತ್ತ ಇರುವುದರಿಂದ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಆ ಅಳತೆ ಲೆಕ್ಕಕ್ಕಿಲ್ಲ. ನಾಲ್ಕನೆಯ ದಿನದಿಂದ, ಪರದೆಯ ಬೆಳಕು ಅರ್ಧಕ್ಕೆ ಇಟ್ಟು, ವೈಫೈನಲ್ಲಿ ಒಂದೇ ವಿಡಿಯೊ ಓಡಿಸಿ, ಗಂಟೆಗೆ ಎಷ್ಟು ಇಳಿಯಿತೆಂದು ಮೂರು ಸಲ ಬರೆದುಕೊಳ್ಳಿ. ಹಳೆಯ ಫೋನಿನಲ್ಲೂ ಹಾಗೆಯೇ ಮಾಡಿದರೆ ಹೋಲಿಕೆಗೆ ಆಧಾರ ಸಿಗುತ್ತದೆ.

ಇಂಗ್ಲಿಷ್ ವಿಮರ್ಶೆಗಳಲ್ಲಿ ಸಿಗದಿರುವುದನ್ನು ಕನ್ನಡದ ಓದುಗರಿಗೆ ಹೇಳಿ: ಕೀಲಿಮಣೆಯಲ್ಲಿ ಒತ್ತಕ್ಷರ ಸರಿಯಾಗಿ ಮೂಡುತ್ತದೆಯೆ, ಕನ್ನಡದಲ್ಲಿ ಮಾತಾಡಿದರೆ ಬರೆದುಕೊಳ್ಳುತ್ತದೆಯೆ, ಮೆನುಗಳಲ್ಲಿ ಕನ್ನಡ ಆರಿಸಿದರೆ ಅರ್ಧ ಇಂಗ್ಲಿಷ್‌ನಲ್ಲೇ ಉಳಿಯುತ್ತದೆಯೆ, ಹೊಲದ ಬಿಸಿಲಲ್ಲಿ ಪರದೆ ಕಾಣುತ್ತದೆಯೆ, ಜಿಲ್ಲಾ ಕೇಂದ್ರದಲ್ಲಿ ಸರ್ವಿಸ್ ಸೆಂಟರ್ ಇದೆಯೆ. ನೀರು ನಿರೋಧಕ ಎಂಬ ಐಪಿ68 ಗುರುತಿನ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಮಲ್ಪೆಯ ಅಲೆಗೆ ಫೋನ್ ಒಡ್ಡಬೇಡಿ ಎಂದು ಬರೆಯಲು ಮರೆಯಬೇಡಿ.

ಕಂಪನಿ ಕೊಟ್ಟ ಫೋನ್ ಹಿಂದಿರುಗಿಸಿ, ಹಿಂದಿರುಗಿಸಿದ್ದನ್ನು ಮೇಲ್‌ನಲ್ಲಿ ದಾಖಲಿಸಿ.

ಇಂಗ್ಲಿಷ್ ಟೆಕ್ನಿಕಲ್ ಪದಗಳನ್ನ ಅನುವಾದ ಮಾಡ್ಬೇಕಾ, ಹಾಗೇ ಬಿಡ್ಬೇಕಾ?

ಅಂಗಡಿಯಲ್ಲಿ ಕೊಳ್ಳುವಾಗ ಏನನ್ನುತ್ತಾರೋ ಅದನ್ನೇ ಬರೆಯಿರಿ. ಚಾರ್ಜರ್, ಪಾಸ್‌ವರ್ಡ್, ರೀಚಾರ್ಜ್ ಹಾಗೇ ಇರಲಿ. ಪದ ಹೊಸತಾಗಿದ್ದರೆ ಮೊದಲ ಸಲ ಬಂದಾಗ ಅದು ಮಾಡುವ ಕೆಲಸವನ್ನು ಒಂದು ವಾಕ್ಯದಲ್ಲಿ ಹೇಳಿ, ಆಮೇಲೆ ಪದ ಬಳಸಿ. ಓದುಗರಿಗೆ ಕಷ್ಟವಾಗುವುದು ಇಂಗ್ಲಿಷ್ ಪದದಿಂದಲ್ಲ, ವಿವರಣೆ ಇಲ್ಲದ್ದರಿಂದ.

ಆನ್‌ಲೈನ್ ವಂಚನೆ ಬಗ್ಗೆ ಬರೆದ್ರೆ ಎಲ್ಲಾ ಲೇಖನ ಒಂದೇ ಥರ ಆಗುತ್ತೆ. ಏನ್ಮಾಡೋದು?

‘ಎಚ್ಚರವಾಗಿರಿ’ ಎಂದು ಬರೆಯುವುದನ್ನು ಬಿಟ್ಟು ಕರೆ ಬಂದ ಹತ್ತು ನಿಮಿಷದಲ್ಲಿ ನಡೆದುದನ್ನು ಕ್ರಮವಾಗಿ ಬರೆಯಿರಿ: ಮೊದಲ ಮಾತು ಏನು, ಯಾವ ಹಂತದಲ್ಲಿ ಹೆದರಿಸಿದರು, ಯಾಕೆ ಫೋನ್ ಇಡಲು ಬಿಡಲಿಲ್ಲ. ‘ಡಿಜಿಟಲ್ ಅರೆಸ್ಟ್’ (ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸುವುದು) ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ ಎಂಬ ಒಂದು ವಾಕ್ಯ ಲೇಖನದ ಮೇಲ್ಭಾಗದಲ್ಲೇ ಇರಲಿ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯುವ ಅವಕಾಶ ಹೆಚ್ಚು. ಆ ಕರೆಗೆ ಮುಂಚೆ ಕೈಯಲ್ಲಿರಬೇಕಾದ್ದು ವಹಿವಾಟಿನ ಸಂಖ್ಯೆ, ಹೊತ್ತು, ಮೊತ್ತ.

ಎಐ ಚಾಟ್‌ಬಾಟ್‌ನಿಂದ ಬರೆಸಿ ತಿದ್ದಿ ಕಳಿಸಿದ್ರೆ ಗೊತ್ತಾಗುತ್ತಾ?

ಕನ್ನಡದಲ್ಲಿ ಬೇಗ ಗೊತ್ತಾಗುತ್ತದೆ, ವಾಕ್ಯಗಳಿಗೆ ಊರೇ ಇರುವುದಿಲ್ಲ. ಅದಕ್ಕಿಂತ ಗಂಭೀರವಾದುದು, ಇಲ್ಲದ ಅಧ್ಯಯನ, ಇಲ್ಲದ ತಜ್ಞರ ಹೆಸರು ಸಲೀಸಾಗಿ ಸೇರಿಕೊಳ್ಳುವುದು. ಸಂದರ್ಶನದ ಧ್ವನಿಯನ್ನು ಅಕ್ಷರಕ್ಕಿಳಿಸಲು ಬಳಸಿದರೂ ಹೆಸರು, ಸಂಖ್ಯೆ, ‘ಇಲ್ಲ’ ಎಂಬ ನಿಷೇಧದ ಪದಗಳನ್ನು ಧ್ವನಿಯ ಜೊತೆ ಹೋಲಿಸಲೇಬೇಕು. ‘ಬೇಕು’, ‘ಬೇಡ’ ಅದಲುಬದಲಾದರೆ ಆರೋಗ್ಯ ಲೇಖನ ಏನಾಗುತ್ತದೆ ಎಂದು ಯೋಚಿಸಿ.

## ಹಣ, ಹಕ್ಕು

ರೊಕ್ಕ ಯಾವಾಗ ಬರ್ತೈತ್ರಿ? ಕೇಳಾಕ ಸಂಕೋಚ ಆಗ್ತೈತಿ.

ಬರೆಯುವ ಮೊದಲೇ ಕೇಳಿದರೆ ಸಂಕೋಚ ಕಡಿಮೆ: ‘ಸಂಭಾವನೆ ಎಷ್ಟು, ಪ್ರಕಟವಾದ ಎಷ್ಟು ದಿನಕ್ಕೆ, ಫೋಟೊಗೆ ಬೇರೆ ಉಂಟೆ?’ ಹಲವು ಕಡೆ ಪ್ರಕಟವಾದ ತಿಂಗಳ ಲೆಕ್ಕ ಮುಗಿದು ಹಣ ಬರಲು ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಪ್ರಕಟವಾದ ದಿನವೇ ಪುಟದ ಪಿಡಿಎಫ್ ಉಳಿಸಿ, ದಿನಾಂಕ, ಶೀರ್ಷಿಕೆ, ಪ್ಯಾನ್, ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಇರುವ ಒಂದು ಪುಟದ ಬಿಲ್ಲು ಕಳಿಸಿ. ಖಾತೆಯ ಹೆಸರೂ ಲೇಖನದ ಕಾವ್ಯನಾಮವೂ ಬೇರೆಯಾಗಿದ್ದರೆ ಬಿಲ್ಲಿನಲ್ಲಿ ಎರಡನ್ನೂ ಬರೆಯಿರಿ. ಹಣ ತಡೆಯಾಗುವ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು.

ಟಿಡಿಎಸ್ ಯಾಕೆ ಹಿಡಿದ್ರು? ಜಿಎಸ್‌ಟಿ ಬೇಕಾ?

ಟಿಡಿಎಸ್ ಎಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ; ವೃತ್ತಿಪರ ಶುಲ್ಕಕ್ಕೆ ಅದು 10%. ಒಂದು ಸಂಸ್ಥೆ ವರ್ಷದಲ್ಲಿ ಕೊಡುವ ಮೊತ್ತ ಮಿತಿ ದಾಟಿದರೆ ಮಾತ್ರ ಅದು ಅನ್ವಯ. ಈ ಮಿತಿ 30,000 ಇದ್ದದ್ದು 2025ರ ಏಪ್ರಿಲ್‌ನಿಂದ 50,000 ರೂಪಾಯಿ ಆಯಿತು. ಪ್ಯಾನ್ ಕೊಡದಿದ್ದರೆ 20% ಹಿಡಿಯುತ್ತಾರೆ. ನಿಮ್ಮ ಒಟ್ಟು ಆದಾಯಕ್ಕೆ ಅಷ್ಟು ತೆರಿಗೆ ಬರದಿದ್ದರೆ ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು. ಚಿಕ್ಕ ಮೊತ್ತ ಎಂದು ಬಿಟ್ಟುಬಿಡುವವರೇ ಹೆಚ್ಚು, ಬಿಡಬೇಡಿ. ಸೇವೆಗಳಿಗೆ ಜಿಎಸ್‌ಟಿ ನೋಂದಣಿ ವರ್ಷಕ್ಕೆ 20 ಲಕ್ಷ ದಾಟಿದ ಮೇಲೆ. ಸ್ವತಂತ್ರ ಪತ್ರಕರ್ತರು ಸುದ್ದಿ ಸಂಗ್ರಹಿಸಿ ಕೊಡುವ ಸೇವೆಗೆ ವಿನಾಯಿತಿಯೂ ಇದೆ. ಜಾಹೀರಾತು ಬರಹಕ್ಕೆ ಅದು ಸಲ್ಲದು.

ಲೇಖನ ಕೊಟ್ಟ ಮೇಲೆ ಅದು ಪತ್ರಿಕೆಯದಾ, ನನ್ನದಾ? ಪುಸ್ತಕ ಮಾಡ್ಬಹುದಾ?

ನೌಕರರಲ್ಲದವರು ಬರೆದ ಲೇಖನದ ಮೊದಲ ಹಕ್ಕುದಾರರು ಬರೆದವರೇ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಬರಹದಲ್ಲಿ ಸಹಿ ಬೇಕು. ಅವಧಿ ಬರೆದಿರದಿದ್ದರೆ 5 ವರ್ಷ, ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ ಎಂದು ಅರ್ಥ. ಆದ್ದರಿಂದ ಒಪ್ಪಂದದಲ್ಲಿ ‘ಎಲ್ಲ ಹಕ್ಕು, ಎಲ್ಲ ಕಾಲಕ್ಕೂ’ ಎಂದು ಕಂಡರೆ ‘ಮೊದಲ ಪ್ರಕಟಣೆಯ ಹಕ್ಕು’ ಎಂದು ತಿದ್ದಿ ಕೊಡಲು ಕೇಳಿ. ಪುಸ್ತಕ ಮಾಡುವಾಗ ಯಾವ ಪತ್ರಿಕೆಯಲ್ಲಿ ಯಾವಾಗ ಬಂತೆಂದು ನಮೂದಿಸುವುದು ಸೌಜನ್ಯ.

ನಾನು ಅಮೆರಿಕದಲ್ಲಿದ್ದೀನಿ, ಇಲ್ಲಿಂದ ಕನ್ನಡ ಪತ್ರಿಕೆಗೆ ಬರೆದು ಹಣ ತಗೋಬಹುದಾ?

ಉದ್ಯೋಗದ ಎಚ್–1ಬಿ ವೀಸಾದಲ್ಲಿ ಇದ್ದರೆ, ಅದು ನಿಮ್ಮನ್ನು ಕರೆಸಿಕೊಂಡ ಸಂಸ್ಥೆಯ ಕೆಲಸಕ್ಕೆ ಮಾತ್ರ. ಹಣ ಪಡೆಯುವ ಮೊದಲು ಅಲ್ಲಿನ ವಲಸೆ ವಕೀಲರನ್ನು ಕೇಳಿ. ಭಾರತದಿಂದ ಅಲ್ಲಿಗೆ ವರದಿಗೆಂದು ಹೋಗುವವರಿಗೆ ಪ್ರವಾಸಿ ವೀಸಾ ಸಾಲದು, ಮಾಧ್ಯಮದವರಿಗೆ ‘ಐ’ ವೀಸಾ ಎಂದೇ ಬೇರೆ ಇದೆ.

## ಅನುಭವ ಇರುವವರಿಗೆ

ಓಡಾಟದ ಖರ್ಚು ಸಂಭಾವನೆಗಿಂತ ಜಾಸ್ತಿ ಆಗುತ್ತೆ. ಇದನ್ನೇ ನಂಬಿ ಬದುಕೋದು ಹೇಗೆ?

ಒಂದು ಓಡಾಟಕ್ಕೆ ಒಂದೇ ಲೇಖನ ಎಂದು ಹೊರಟರೆ ಆಗುವುದಿಲ್ಲ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಬಸ್ಸು 900, ಲಾಡ್ಜ್ 1,000, ಊಟ 600, ಆಟೊ 500, ಒಟ್ಟು 3,000. ಲೇಖನಕ್ಕೆ 1,500 ಸಿಕ್ಕಿದರೆ ಅರ್ಧ ನಷ್ಟ. ಅದೇ ಓಡಾಟದಲ್ಲಿ ಮೂರು ಪುಟಗಳಿಗೆ ಮೂರು ಬರಹ ಸಿದ್ಧವಾದರೆ ಖರ್ಚು ಕಳೆದು ಉಳಿಯುತ್ತದೆ. ಮೂರು ವಿಷಯ ಬಲ್ಲವರಿಗೆ ಇರುವ ಅನುಕೂಲ ಇಲ್ಲಿದೆ.

ಸಾಗರ–ಸೊರಬ ಕಡೆ ಮೂರು ದಿನ ಹೋಗುತ್ತೀರಿ ಎನ್ನೋಣ. ಪ್ರವಾಸ ಪುಟಕ್ಕೆ ಶರಾವತಿ ಹಿನ್ನೀರು ಮತ್ತು ಹೊಸ ಸೇತುವೆಯ ನಂತರದ ದಾರಿ. ಆರೋಗ್ಯ ಪುಟಕ್ಕೆ ಮಂಗನ ಕಾಯಿಲೆ: 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, ಹರಡುವುದು ಉಣುಗಿನಿಂದ, ಹೆಚ್ಚು ಕಾಣುವುದು ಡಿಸೆಂಬರ್‌ನಿಂದ ಮೇ ವರೆಗೆ. ದರಗು, ಸೌದೆಗೆ ಕಾಡಿಗೆ ಹೋಗುವವರು ಈಗ ಏನು ಹಚ್ಚಿಕೊಳ್ಳುತ್ತಾರೆ, ಜ್ವರ ಬಂದರೆ ರಕ್ತದ ಮಾದರಿ ಎಲ್ಲಿಗೆ ಹೋಗುತ್ತದೆ, ಫಲಿತಾಂಶ ಎಷ್ಟು ದಿನಕ್ಕೆ ಬರುತ್ತದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಶಾ ಕಾರ್ಯಕರ್ತೆಯರನ್ನೂ ಕೇಳಬೇಕು. ತಂತ್ರಜ್ಞಾನ ಪುಟಕ್ಕೆ, ಸಿಗ್ನಲ್ ಇಲ್ಲದ ಹಳ್ಳಿಯಲ್ಲಿ ಒಟಿಪಿ ಬೇಡುವ ಸೇವೆಗಳು ಹೇಗೆ ನಡೆಯುತ್ತಿವೆ.

ಹೊರಡುವ ಮೊದಲೇ ಮೂವರು ಸಂಪಾದಕರಿಗೆ ಮೂರು ಪ್ರಸ್ತಾವ ಹೋಗಿರಬೇಕು. ಮೂರಕ್ಕೂ ಒಂದೇ ದಿನ ಜನರನ್ನು ಮಾತನಾಡಿಸಬೇಡಿ. ಪ್ರವಾಸದ ಉತ್ಸಾಹದಲ್ಲಿ ಕಾಯಿಲೆಯ ಮನೆಗೆ ಹೋದರೆ ಕೇಳಬೇಕಾದ್ದು ಕೇಳಲಾಗುವುದಿಲ್ಲ, ಅವರಿಗೂ ಹಿಂಸೆ. ಆರೋಗ್ಯಕ್ಕೆ ಒಂದು ಇಡೀ ದಿನ ಬಿಡಿ.

ಇಲಾಖೆಯವರು ಮಾಹಿತಿ ಕೊಡಲ್ಲ. ಆರ್‌ಟಿಐ ಹಾಕಿದ್ರೂ ‘ಲಭ್ಯವಿಲ್ಲ’ ಅಂತಾರೆ.

ಹೆಚ್ಚಿನ ಸಲ ತೊಂದರೆ ಪ್ರಶ್ನೆಯಲ್ಲಿರುತ್ತದೆ. ‘ವೈದ್ಯರನ್ನು ಯಾಕೆ ನೇಮಿಸಿಲ್ಲ?’ ಎಂಬುದಕ್ಕೆ ಉತ್ತರ ಸಿಗದು, ಯಾಕೆಂದರೆ ಮಾಹಿತಿ ಹಕ್ಕು ಕಾಯ್ದೆ (ಆರ್‌ಟಿಐ) ಕೊಡುವುದು ಕಡತದಲ್ಲಿರುವ ಮಾಹಿತಿಯನ್ನು. ‘ಇಂಥ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಜೂರಾದ, ಭರ್ತಿಯಾದ ಹುದ್ದೆಗಳ ಪಟ್ಟಿಯ ಪ್ರತಿ’ ಎಂದು ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದೀತು. 30 ದಿನ ಕಾಯಿರಿ. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಲೇಖನದ ಯೋಜನೆಯಲ್ಲಿ ಈ ತಿಂಗಳುಗಳನ್ನು ಮೊದಲೇ ಸೇರಿಸಿಕೊಳ್ಳಿ. ಕಡತವನ್ನು ಕಣ್ಣಾರೆ ನೋಡುವ ಹಕ್ಕೂ ಇದೆ. ಪ್ರತಿಗೆ ಸತಾಯಿಸುವ ಕಡೆ ‘ಪರಿಶೀಲನೆಗೆ ಅವಕಾಶ ಕೊಡಿ’ ಎಂದು ಅರ್ಜಿ ಹಾಕಿ.

ಲೇಖನ ಬಂದ ಮೇಲೆ ಲಾಯರ್ ನೋಟಿಸ್ ಬಂದಿದೆ. ಈಗ?

ಫೋನಿನಲ್ಲಿ ಯಾರೊಂದಿಗೂ ಚರ್ಚಿಸಬೇಡಿ. ನೋಟಿಸನ್ನು ಅದೇ ದಿನ ಸಂಪಾದಕರಿಗೆ ಕಳಿಸಿ. ಧ್ವನಿಮುದ್ರಣ, ಟಿಪ್ಪಣಿ ಪುಸ್ತಕ, ಮೇಲ್, ವಾಟ್ಸ್‌ಆ್ಯಪ್ ಸಂಭಾಷಣೆ ಎಲ್ಲವನ್ನೂ ಎರಡು ಕಡೆ ಉಳಿಸಿ. ಏನನ್ನೂ ಅಳಿಸಬೇಡಿ, ತಿದ್ದಬೇಡಿ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿದೆ. ಕ್ರಿಮಿನಲ್ ದೂರಿನಲ್ಲಿ ಬರೆದದ್ದು ನಿಜ ಎಂದು ತೋರಿಸಿದರೆ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕಾಗುತ್ತದೆ. ಆರೋಪ ಇರುವ ಪ್ರತಿ ಲೇಖನಕ್ಕೂ ಎದುರು ಪಕ್ಷಕ್ಕೆ ಬರಹದಲ್ಲಿ ಪ್ರಶ್ನೆ ಕಳಿಸಿ, ಉತ್ತರಿಸಲು ಗಡುವು ಕೊಟ್ಟ ಮೇಲ್ ನಿಮ್ಮಲ್ಲಿ ಇರಲೇಬೇಕು ಎನ್ನುವುದು ಇದಕ್ಕೇ. ಪತ್ರಿಕೆ ನಿಮ್ಮ ವಕೀಲರ ಖರ್ಚು ನೋಡಿಕೊಳ್ಳುತ್ತದೆಯೆ ಎಂಬುದನ್ನು ಲೇಖನ ಕೊಡುವ ಮೊದಲೇ ಕೇಳಿರಬೇಕು.

ಅಚ್ಚಾದ ಮೇಲೆ ನಾನೇ ತಪ್ಪು ಕಂಡುಹಿಡಿದೆ. ಯಾರೂ ಗಮನಿಸಿಲ್ಲ. ಸುಮ್ನಿರ್ಲಾ?

ಹೇಳಿ, ಆ ದಿನವೇ. ಮೂರು ಸಾಲು ಸಾಕು: ಅಚ್ಚಾದದ್ದು ಏನು, ಸರಿಯಾದದ್ದು ಏನು, ಅದಕ್ಕೆ ಆಧಾರ ಏನು. ವೆಬ್ ಆವೃತ್ತಿಯನ್ನು ಮೊದಲು ತಿದ್ದಿಸಿ, ತಿದ್ದಿದ ದಿನಾಂಕ ಕೆಳಗೆ ಹಾಕಲು ಕೇಳಿ. ಅಚ್ಚಿನ ತಿದ್ದುಪಡಿ ಮುಂದಿನ ಸಂಚಿಕೆಗೆ ಹೋಗುತ್ತದೆ. ಔಷಧದ ಪ್ರಮಾಣ, ಸಹಾಯವಾಣಿಯ ಸಂಖ್ಯೆ, ನದಿ ದಾಟುವ ಜಾಗ ತಪ್ಪಾಗಿದ್ದರೆ ಮೇಲ್ ಮಾಡಿ ಕಾಯಬೇಡಿ, ಫೋನ್ ಮಾಡಿ. ಲೇಖನದಲ್ಲಿ ಬಂದವರ ಹೆಸರು, ಹುದ್ದೆ ತಪ್ಪಾಗಿದ್ದರೆ ಅವರಿಗೂ ನೀವೇ ಕರೆ ಮಾಡಿ ತಿಳಿಸಿ. ಅದೇ ಸಾಮಗ್ರಿಯಿಂದ ಬೇರೆ ಪತ್ರಿಕೆಗೆ ಬರೆದದ್ದು ಅಚ್ಚಿಗೆ ಕಾಯುತ್ತಿದ್ದರೆ ಅಲ್ಲೂ ತಿದ್ದಿಸಿ. ಅದು ಮರೆತುಹೋಗುವುದೇ ಹೆಚ್ಚು.